ಸಂಬಳದಿಂದ ಎಷ್ಟು ಹಿಡಿಯಬೇಕು ಅಂತ ಗೊತ್ತಾದರೆ ಸಾಕಲ್ವಾ?

ವರ್ಷಕ್ಕೊಮ್ಮೆ ಎಚ್‌ಆರ್‌ನಿಂದ ಬರುವ ಆ ಮೇಲ್ ನಿಮಗೂ ಗೊತ್ತಿರುತ್ತದೆ. ಇನ್ಶೂರೆನ್ಸ್ ಎನ್‌ರೋಲ್‌ಮೆಂಟ್ (ಕಂಪನಿಯ ಗ್ರೂಪ್ ಪಾಲಿಸಿಗೆ ಹೆಸರು ಸೇರಿಸುವುದು) ಶುರುವಾಗಿದೆ, ಶುಕ್ರವಾರ ಸಂಜೆಯೊಳಗೆ ವಿವರ ತುಂಬಿ, ತಪ್ಪಿದರೆ ಮುಂದಿನ ವರ್ಷವೇ. ನಾವೇನು ಮಾಡುತ್ತೇವೆ? ಎರಡು ಮೀಟಿಂಗ್‌ಗಳ ನಡುವೆ ಕೂತು ಸರಸರ ತುಂಬಿ ಸಬ್‌ಮಿಟ್ ಒತ್ತುತ್ತೇವೆ. ಮನೆಯವರೆಲ್ಲರ ಹುಟ್ಟಿದ ದಿನಾಂಕ, ಮದುವೆ ಸರ್ಟಿಫಿಕೇಟು, ಮಗುವಿನ ಜನನ ಪ್ರಮಾಣಪತ್ರ, ಅಮ್ಮನ ಸಕ್ಕರೆ ಕಾಯಿಲೆ, ನಮ್ಮದೇ ಹಳೇ ಆಪರೇಷನ್ನು. ಬೇರೆ ಯಾವುದಾದರೂ ದಿನ ಆಫೀಸಿನಲ್ಲಿ ಯಾರಾದರೂ ಬಂದು ‘ನಿಮ್ಮ ತಾಯಿಗೆ ಏನೇನು ಕಾಯಿಲೆ ಇದೆ, ಸ್ವಲ್ಪ ಬರೆದುಕೊಡಿ’ ಅಂದರೆ ಅವರ ಗ್ರಹಚಾರ ಬಿಡಿಸುತ್ತೇವೆ. ಎನ್‌ರೋಲ್‌ಮೆಂಟ್ ಅಂದರೆ ಮಾತ್ರ ತೆಪ್ಪಗೆ ಬರೆದುಕೊಡುತ್ತೇವೆ.

ನನ್ನ ತಕರಾರು ಇಷ್ಟೇ. ಕಂಪನಿಗೆ ನಿಜವಾಗಿ ಬೇಕಿರುವುದು ಒಂದು ಸಂಖ್ಯೆ: ತಿಂಗಳಿಗೆ ನನ್ನ ಸಂಬಳದಿಂದ ಎಷ್ಟು ಹಿಡಿಯಬೇಕು. ಜಾಸ್ತಿ ಅಂದರೆ ನಾನು ಯಾವ ಪ್ಲಾನ್‌ನಲ್ಲಿದ್ದೇನೆ, ಎಷ್ಟು ಜನರಿಗೆ ಕವರ್ ಇದೆ. ಉಳಿದದ್ದೆಲ್ಲ ನನಗೂ ಇನ್ಶೂರೆನ್ಸ್ ಕಂಪನಿಗೂ ಸೇರಿದ್ದು. ಆದರೆ ಎರಡೂ ಒಂದೇ ಫಾರ್ಮಿನಲ್ಲಿ ಇರುವುದರಿಂದ, ನನ್ನ ಬಡ್ತಿ, ರಜೆ, ಇಂಕ್ರಿಮೆಂಟು ನಿರ್ಧರಿಸುವ ಜಾಗದ ಮೂಲಕವೇ ನನ್ನ ಬಿಪಿ, ಶುಗರ್ರೂ ಹಾದು ಹೋಗುತ್ತವೆ.

ನಾನು ಕೆಲಸ ಮಾಡಿದ ಒಂದು ಕಡೆ ಪೋರ್ಟಲ್ ಗೀರ್ಟಲ್ ಏನೂ ಇರಲಿಲ್ಲ. ಶೇರ್ ಮಾಡಿದ ಒಂದು ಶೀಟು ಇತ್ತು. ಲಿಂಕು ಇಡೀ ಆಫೀಸಿಗೆ ಬಂತು, ನಿಮ್ಮ ನಿಮ್ಮ ಸಾಲು ನೀವೇ ತುಂಬಿ ಅಂತ. ಹೆಸರು, ಹುಟ್ಟಿದ ದಿನ, ಸಂಬಂಧ, ಕೊನೆಯ ಕಾಲಂ ‘ಮೊದಲೇ ಇರುವ ಕಾಯಿಲೆ’. ಒಬ್ಬರು ಥೈರಾಯ್ಡ್ ಅಂತ ಬರೆದಿದ್ದರು. ಇನ್ನೊಬ್ಬರು ಅಪ್ಪನ ಹೃದಯದ ಸ್ಟೆಂಟಿನ ಕಥೆಯನ್ನೇ ಬರೆದಿದ್ದರು. ನಾನು ನೋಡುತ್ತಿರುವಾಗಲೇ ಒಬ್ಬರ ಸಾಲಿನಲ್ಲಿ ಒಂದು ಪದ ಮೂಡಿತು, ಸ್ವಲ್ಪ ಹೊತ್ತು ಹಾಗೇ ನಿಂತಿತ್ತು, ಆಮೇಲೆ ಅಳಿಸಿಹೋಗಿ ಅಲ್ಲಿ ‘ಇಲ್ಲ’ ಅಂತ ಬಂತು. ಬರೆದವರಿಗೆ ಅಳಿಸಿದೆ ಅನ್ನುವ ಸಮಾಧಾನ ಇದ್ದಿರಬೇಕು. ಆದರೆ ಅಂಥ ಶೀಟಿನಲ್ಲಿ ವರ್ಷನ್ ಹಿಸ್ಟರಿ ಅಂತ ಒಂದು ಇರುತ್ತದೆ. ತಿದ್ದುವ ಅನುಮತಿ ಇದ್ದವರು ಯಾರು ಬೇಕಾದರೂ ತೆಗೆದು, ಯಾವ ಹೊತ್ತಿಗೆ ಯಾರು ಏನು ಬರೆದು ಏನು ಅಳಿಸಿದರು ಅಂತ ನೋಡಬಹುದು. ತುಂಬಲಿ ಅಂತ ಎಲ್ಲರಿಗೂ ತಿದ್ದುವ ಅನುಮತಿ ಕೊಟ್ಟೇ ಇದ್ದರು.

ಅದೇ ಶೀಟಿನಲ್ಲಿ ಹಿಂದಿನ ವರ್ಷದ ಪಟ್ಟಿ ಪಕ್ಕದ ಟ್ಯಾಬಿನಲ್ಲಿತ್ತು. ಒಬ್ಬರ ಹೆಸರಿನ ಕೆಳಗೆ ಹೋದ ವರ್ಷ ಇದ್ದ ‘ಹೆಂಡತಿ’ ಸಾಲು ಈ ವರ್ಷ ಇರಲಿಲ್ಲ. ಅವರು ಆಫೀಸಿನಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು.

ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಕಂಪನಿಗೆ ಇನ್ಶೂರೆನ್ಸ್ ಕೊಡಿಸುವ ಬ್ರೋಕರ್ ಒಂದು ಟೆಂಪ್ಲೇಟ್ ಕಳಿಸಿದ್ದರು, ಎಚ್‌ಆರ್‌ನವರಿಗೆ ವಾರದೊಳಗೆ ಎಲ್ಲರ ವಿವರ ಬೇಕಿತ್ತು, ಒಬ್ಬೊಬ್ಬರ ಬೆನ್ನು ಹತ್ತುವುದಕ್ಕಿಂತ ಇದು ಸುಲಭ ಅನ್ನಿಸಿತು. ಯಾರೋ ಆಕ್ಷೇಪ ಎತ್ತಿದಾಗ ಆ ಕಾಲಂ ಅನ್ನು ‘ಹೈಡ್’ ಮಾಡಿದರು. ಹೈಡ್ ಮಾಡಿದ್ದನ್ನು ಅನ್‌ಹೈಡ್ ಮಾಡಲು ಮೌಸಿನ ಒಂದು ಕ್ಲಿಕ್ಕು ಸಾಕು.

ನಾವು ಪ್ರೈವಸಿ ಅಂದಾಗ ಸಾಮಾನ್ಯವಾಗಿ ಕಾಯಿಲೆಯ ಹೆಸರನ್ನೇ ಯೋಚಿಸುತ್ತೇವೆ. ಆದರೆ ಎನ್‌ರೋಲ್‌ಮೆಂಟಿನಲ್ಲಿ ಕಾಯಿಲೆ ಬರೆಯದಿದ್ದರೂ ನಮ್ಮ ಆಯ್ಕೆಗಳೇ ಮಾತಾಡುತ್ತವೆ. ಹೆರಿಗೆ ಕವರ್ ಇರುವ ಪ್ಲಾನಿಗೆ ಈ ವರ್ಷವೇ ಬದಲಾಯಿಸಿದರೆ ಅದೊಂದು ಸುದ್ದಿ. ವರ್ಷಗಟ್ಟಲೆ ಅಗ್ಗದ ಪ್ಲಾನಿನಲ್ಲಿದ್ದವರು ಇದ್ದಕ್ಕಿದ್ದಂತೆ ದೊಡ್ಡ ಮೊತ್ತದ್ದನ್ನು ತೆಗೆದುಕೊಂಡರೆ ಅದೂ ಒಂದು ಸುದ್ದಿ. ಮಗುವನ್ನು ಸೇರಿಸುವಾಗ ಜನನ ಪ್ರಮಾಣಪತ್ರದ ಬದಲು ದತ್ತು ಪತ್ರ ಲಗತ್ತಿಸಬೇಕಾದವರಿದ್ದಾರೆ. ‘ನನಗೆ ಕವರ್ ಬೇಡ’ ಅಂದವರಿಗೆ ಯಾಕೆ ಬೇಡ, ಬೇರೆ ಎಲ್ಲಿಂದ ಇದೆ ಅಂತ ಇನ್ನೊಂದು ಫಾರ್ಮು. ಜೀವ ವಿಮೆಗೆ ನಾಮಿನಿಯಾಗಿ ಗಂಡನನ್ನೋ ಹೆಂಡತಿಯನ್ನೋ ಬಿಟ್ಟು ಬೇರೆಯವರ ಹೆಸರು ಹಾಕಿದರೆ ಅದನ್ನು ಓದಿದವರು ಸುಮ್ನೆ ಇರುತ್ತಾರಾ? ಬಾಯಲ್ಲಿ ಏನೂ ಕೇಳದೇ ಇರಬಹುದು. ತಲೆಯಲ್ಲಿ ಒಂದು ಕಥೆ ಕಟ್ಟಿಕೊಂಡಿರುತ್ತಾರೆ.

ಸಂಬಳದ ಚೀಟಿಯೂ ಕಡಿಮೆಯಿಲ್ಲ. ಅಮೆರಿಕದಲ್ಲಿ ಮದುವೆಯಾಗದೇ ಜೊತೆಗಿರುವ ಸಂಗಾತಿಗೆ ಕಂಪನಿ ಇನ್ಶೂರೆನ್ಸ್ ಕೊಟ್ಟರೆ, ಆ ಸಂಗಾತಿ ತೆರಿಗೆಯ ಲೆಕ್ಕದಲ್ಲಿ ಅವಲಂಬಿತರಲ್ಲದಿದ್ದರೆ, ಅದರ ಬೆಲೆಯನ್ನು ನೌಕರರ ಆದಾಯಕ್ಕೆ ಸೇರಿಸಿ ತೆರಿಗೆ ಹಿಡಿಯಬೇಕು. ಅದಕ್ಕೆ ಪೇ ಸ್ಲಿಪ್‌ನಲ್ಲಿ ಪ್ರತ್ಯೇಕ ಸಾಲು ಬೀಳುತ್ತದೆ. ಆ ಸ್ಲಿಪ್ಪನ್ನು ಸಾಲಕ್ಕೋ ಬಾಡಿಗೆ ಮನೆಗೋ ತೋರಿಸಿದರೆ, ಮನೆಯವರಿಗೂ ಹೇಳದ ಸಂಬಂಧ ಅಪರಿಚಿತರ ಮೇಜಿನ ಮೇಲೆ ಇರುತ್ತದೆ. ಲೆಕ್ಕಪತ್ರದವರ ದೃಷ್ಟಿಯಲ್ಲಿ ಅದೊಂದು ತೆರಿಗೆ ಕೋಡ್ ಅಷ್ಟೇ.

‘ನಾವು ಹೆಸರು ಕೊಡುವುದಿಲ್ಲ, ಒಟ್ಟು ಲೆಕ್ಕ ಮಾತ್ರ ಕಂಪನಿಗೆ ಕಳಿಸುತ್ತೇವೆ’ ಅನ್ನುವುದು ಇನ್ಶೂರೆನ್ಸ್‌ನವರ ಮಾಮೂಲಿ ಉತ್ತರ. ಸಾವಿರಾರು ಜನರಿರುವ ಕಡೆ ಇದನ್ನು ಒಪ್ಪಬಹುದು. ಇಪ್ಪತ್ತು ಮೂವತ್ತು ಜನರ ಆಫೀಸಿನಲ್ಲಿ ‘ಈ ವರ್ಷ ಕ್ಯಾನ್ಸರ್ ಕ್ಲೈಮ್ ಒಂದು’ ಅಂತ ವರದಿ ಬಂದರೆ ಹೆಸರು ಯಾಕೆ ಬೇಕು? ಯಾರು ಎರಡು ತಿಂಗಳು ರಜೆಯಲ್ಲಿದ್ದರು ಅಂತ ಎಲ್ಲರಿಗೂ ಗೊತ್ತು. ದೊಡ್ಡ ಕಂಪನಿಯಲ್ಲೂ ಇದು ಆಗಿದೆ. 2014ರ ಫೆಬ್ರವರಿಯಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್‌ನ ಮುಖ್ಯಸ್ಥ ಟಿಮ್ ಆರ್ಮ್‌ಸ್ಟ್ರಾಂಗ್, ನೌಕರರ ನಿವೃತ್ತಿ ನಿಧಿಗೆ ಕಂಪನಿ ಕೊಡುವ ಪಾಲಿನ ನಿಯಮ ಬದಲಿಸಿದ್ದಕ್ಕೆ ಕಾರಣ ಕೊಡುತ್ತಾ, ತೊಂದರೆಯಲ್ಲಿ ಹುಟ್ಟಿದ ಇಬ್ಬರು ನೌಕರರ ಮಕ್ಕಳಿಗೆ ತಲಾ 10 ಲಕ್ಷ ಡಾಲರ್ ಖರ್ಚಾಯಿತು ಅಂತ ಎಲ್ಲ ನೌಕರರೂ ಕೇಳುತ್ತಿದ್ದ ಕಾಲ್‌ನಲ್ಲಿ ಹೇಳಿಬಿಟ್ಟರು. ಹೆಸರು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಸಹೋದ್ಯೋಗಿಗಳು ತಾವೇ ಲೆಕ್ಕ ಹಾಕಿದರು. ಕೆಲವೇ ದಿನಗಳಲ್ಲಿ ಅವರು ಕ್ಷಮೆ ಕೇಳಿದರು, ನಿಯಮವನ್ನೂ ಹಿಂದಕ್ಕೆ ತೆಗೆದುಕೊಂಡರು. ಆ ಮಕ್ಕಳ ತಂದೆತಾಯಿಯರು ಮಾತ್ರ ಮಾರನೇ ದಿನ ಅದೇ ಆಫೀಸಿಗೆ, ‘ಇವರಿಂದಲೇ ನಮ್ಮ ದುಡ್ಡು ಕಡಿಮೆಯಾಯಿತು’ ಅನ್ನುವ ನೋಟಗಳ ನಡುವೆಯೇ ಹೋಗಬೇಕಿತ್ತು. ನನಗೆ ಕೋಪ ಬರುವುದು ಅಲ್ಲಿ.

ಹೆಸರು ತೆಗೆದರೆ ಸಾಕು ಅನ್ನುವ ನಂಬಿಕೆ ಬಿದ್ದುಹೋಗಿ ಎಷ್ಟೋ ವರ್ಷವಾಯಿತು. ಅದನ್ನು ಬೀಳಿಸಿದ್ದು ನೌಕರರ ಇನ್ಶೂರೆನ್ಸ್ ಮಾಹಿತಿಯೇ ಅನ್ನುವುದು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರದ ನೌಕರರಿಗೆ ಇನ್ಶೂರೆನ್ಸ್ ಮಾಡಿಸುವ ಸಂಸ್ಥೆ ಗ್ರೂಪ್ ಇನ್ಶೂರೆನ್ಸ್ ಕಮಿಷನ್. 90ರ ದಶಕದ ನಡುವಿನಲ್ಲಿ ಅದು ನೌಕರರ ಆಸ್ಪತ್ರೆ ಭೇಟಿಗಳ ಮಾಹಿತಿಯನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟಿತು. ಆಗ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲತಾನ್ಯಾ ಸ್ವೀನಿ ಅದನ್ನು ತೆಗೆದುಕೊಂಡು, ಜೊತೆಗೆ 20 ಡಾಲರ್ ಕೊಟ್ಟು ಅದೇ ರಾಜ್ಯದ ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡರು. ಎರಡರಲ್ಲೂ ಪಿನ್ ಕೋಡ್, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಅನ್ನುವುದು ಇತ್ತು. ಆ ರಾಜ್ಯದ ಆಗಿನ ಗವರ್ನರ್ ವಿಲಿಯಂ ವೆಲ್ಡ್ ಕೂಡ ಆ ಊರಿನವರೇ. ಅವರ ಹುಟ್ಟಿದ ದಿನಾಂಕ ಇದ್ದವರು ಊರಲ್ಲಿ 6 ಜನ, ಅದರಲ್ಲಿ ಗಂಡಸರು 3, ಅವರ ಪಿನ್ ಕೋಡಿನಲ್ಲಿ ಅವರೊಬ್ಬರೇ. ಅಲ್ಲಿಗೆ ಗವರ್ನರ ಆಸ್ಪತ್ರೆ ದಾಖಲೆ ಸಿಕ್ಕಿಬಿಟ್ಟಿತು.

ಈಗ ಎನ್‌ರೋಲ್‌ಮೆಂಟ್ ಫಾರ್ಮಿನ ಮೊದಲ ಮೂರು ಖಾನೆ ನೋಡಿ. ಹುಟ್ಟಿದ ದಿನಾಂಕ, ಲಿಂಗ, ಪಿನ್ ಕೋಡ್.

ಕಾನೂನು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಆದರೆ ನಾವು ಅಂದುಕೊಂಡ ಜಾಗದಲ್ಲಿ ಇಲ್ಲ. ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಇರುವುದು ಆರೋಗ್ಯದ ಮಾಹಿತಿ ಕಾಯುವ 1996ರ ಹಿಪಾ ಕಾಯ್ದೆ. ಅದು ಕಟ್ಟಿಹಾಕುವುದು ಆಸ್ಪತ್ರೆಯನ್ನು, ಇನ್ಶೂರೆನ್ಸ್ ಕಂಪನಿಯನ್ನು, ಕಂಪನಿ ನಡೆಸುವ ಹೆಲ್ತ್ ಪ್ಲಾನನ್ನು. ನೌಕರಿ ಕೊಟ್ಟವರು ನೌಕರಿ ಕೊಟ್ಟವರಾಗಿ ಇಟ್ಟುಕೊಂಡ ಕಡತ ಅದರ ಹೊರಗೆ. ಹಾಗಾಗಿ ಒಂದೇ ಕಟ್ಟಡ, ಒಂದೇ ಮೇಜು, ಒಬ್ಬರೇ ಮನುಷ್ಯರು ಇದ್ದರೂ, ಪ್ಲಾನ್ ನಡೆಸುವಾಗ ಕೈಗೆ ಬಂದ ಕಾಗದಕ್ಕೆ ಒಂದು ನಿಯಮ, ನೌಕರಿಯ ಕಡತದಲ್ಲಿರುವ ಕಾಗದಕ್ಕೆ ಇನ್ನೊಂದು. ಪ್ಲಾನಿನ ಕಡೆಯಿಂದ ಕಂಪನಿಗೆ ಯಾರು ಸೇರಿದರು, ಯಾರು ಬಿಟ್ಟರು ಅನ್ನುವುದನ್ನು ಕೊಡಬಹುದು. ಅದಕ್ಕಿಂತ ಹೆಚ್ಚಿನದು ಬೇಕಿದ್ದರೆ, ಇದನ್ನು ನೌಕರಿಯ ತೀರ್ಮಾನಗಳಿಗೆ ಬಳಸುವುದಿಲ್ಲ ಅಂತ ಕಂಪನಿ ಪ್ಲಾನಿನ ದಾಖಲೆಯಲ್ಲೇ ಬರೆದುಕೊಡಬೇಕು. ಕಾಗದದ ಮೇಲೆ ಚೆನ್ನಾಗಿದೆ. ಸಣ್ಣ ಕಂಪನಿಯಲ್ಲಿ ಪ್ಲಾನ್ ನೋಡಿಕೊಳ್ಳುವವರೂ ಸಂದರ್ಶನ ಮಾಡುವವರೂ ಒಬ್ಬರೇ ಆಗಿದ್ದರೆ, ಅವರ ತಲೆಯೊಳಗೆ ಗೋಡೆ ಕಟ್ಟುವವರು ಯಾರು?

ಅಲ್ಲಿನದೇ 2008ರ ಜೀನಾ ಕಾಯ್ದೆ ಇದಕ್ಕಿಂತ ಹರಿತ. ಆನುವಂಶಿಕ ಮಾಹಿತಿಯನ್ನು ಎನ್‌ರೋಲ್‌ಮೆಂಟಿಗೆ ಮೊದಲಾಗಲಿ, ಅದರ ಭಾಗವಾಗಿಯಾಗಲಿ ಪ್ಲಾನ್‌ನವರು ಕೇಳುವಂತಿಲ್ಲ ಅಂತ ಅದು ನೇರವಾಗಿ ಹೇಳುತ್ತದೆ. ‘ನಿಮ್ಮ ತಂದೆಗೆ ಹಾರ್ಟ್ ಅಟ್ಯಾಕ್ ಆಗಿತ್ತಾ’ ಅನ್ನುವ ಪ್ರಶ್ನೆಯೂ ಆನುವಂಶಿಕ ಮಾಹಿತಿಯೇ. ಕೇಳಿದ್ದನ್ನು ಗುಟ್ಟಾಗಿ ಇಡಿ ಅನ್ನುವ ಕಾನೂನಿಗಿಂತ, ಕೇಳಲೇಬೇಡಿ ಅನ್ನುವ ಕಾನೂನು ನನಗೆ ಇಷ್ಟ. ಕೇಳದೇ ಇದ್ದದ್ದು ಸೋರುವುದಿಲ್ಲ.

ಯುರೋಪಿನ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ 2018ರಿಂದ ಜಾರಿಯಲ್ಲಿದೆ. ಅದು ಆರೋಗ್ಯದ ಮಾಹಿತಿಯನ್ನು ವಿಶೇಷ ವರ್ಗಕ್ಕೆ ಸೇರಿಸಿದೆ. ಒಪ್ಪಿಗೆಯ ವಿಷಯದಲ್ಲಂತೂ ಅದು ಒಳ್ಳೇ ಮಾತು ಹೇಳುತ್ತದೆ: ಎರಡು ಕಡೆಯವರ ನಡುವೆ ಬಲದಲ್ಲಿ ಎದ್ದು ಕಾಣುವ ಅಂತರ ಇದ್ದಾಗ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಅಂತ ನೆಚ್ಚಿಕೊಳ್ಳಬೇಡಿ. ನೌಕರ ಮತ್ತು ಕಂಪನಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಮಾತು ಇಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆ ಬೇರೆ ದಾರಿ ಹಿಡಿದಿದೆ. ಉದ್ಯೋಗದ ಉದ್ದೇಶಕ್ಕೆ, ನೌಕರರೇ ಕೇಳಿಕೊಂಡ ಸೌಲಭ್ಯ ಕೊಡುವುದಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಅಂತ ಅದರ 7ನೇ ಸೆಕ್ಷನ್‌ನಲ್ಲಿದೆ. ಆರೋಗ್ಯಕ್ಕೆ ಅಂತ ಪ್ರತ್ಯೇಕ ವರ್ಗವನ್ನೂ ಅದು ಮಾಡಿಲ್ಲ. ಆದರೆ ಆ ಸೆಕ್ಷನ್ ಮಾತಾಡುವುದು ನೌಕರರ ಬಗ್ಗೆ. ನನ್ನ ಅಮ್ಮ ಆ ಕಂಪನಿಯ ನೌಕರಳಲ್ಲ.

ಇದು ನನ್ನನ್ನು ಬಹಳ ಕಾಡುವ ವಿಷಯ. ಫಾರ್ಮ್ ತುಂಬುವವರು ನಾವು, ಸಹಿ ನಮ್ಮದು, ಆದರೆ ಅದರಲ್ಲಿರುವ ಅರ್ಧಕ್ಕಿಂತ ಜಾಸ್ತಿ ಮಾಹಿತಿ ಬೇರೆಯವರದ್ದು. ಗಂಡ, ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿ. ಅವರಲ್ಲಿ ಯಾರನ್ನಾದರೂ ಕೂರಿಸಿಕೊಂಡು ‘ನಿನ್ನ ಡಿಪ್ರೆಶನ್ ಮಾತ್ರೆಯ ಹೆಸರನ್ನು ನನ್ನ ಆಫೀಸಿನ ಶೀಟಿನಲ್ಲಿ ಬರೆಯಲಾ’ ಅಂತ ಕೇಳಿದವರು ಎಷ್ಟು ಜನ ಇರಬಹುದು? ಇದೇ ಗಂಟು ಉಲ್ಟಾ ಕೂಡ ಬಿಗಿಯುತ್ತದೆ. ಪಾಲಿಸಿ ನನ್ನ ಹೆಸರಲ್ಲಿದ್ದರೆ, ವಯಸ್ಸಿಗೆ ಬಂದ ಮಗಳು ಯಾವ ಡಾಕ್ಟರ್ ಹತ್ತಿರ ಹೋದಳು ಅನ್ನುವ ಕ್ಲೈಮ್ ಮೆಸೇಜು ನನ್ನ ಫೋನಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ, ಪಾಲಿಸಿಯಲ್ಲಿ ಸೇರಿಸಲ್ಪಟ್ಟವರು ತಮ್ಮ ಪತ್ರಗಳನ್ನು ತಮಗೇ ಕಳಿಸಿ ಅಂತ ಕೇಳುವ ಹಕ್ಕಿಗೆ ಪ್ರತ್ಯೇಕ ಕಾನೂನೇ ಇದೆ.

ನೌಕರರ ಆರೋಗ್ಯ ಸುಧಾರಿಸಲು ಅಂತ ಕಂಪನಿ ನಡೆಸುವ ವೆಲ್‌ನೆಸ್ ಪ್ರೋಗ್ರಾಂ ಅನ್ನುವುದು ಎನ್‌ರೋಲ್‌ಮೆಂಟಿನ ಬಾಲ. ‘ಈ ಪ್ರಶ್ನಾವಳಿ ತುಂಬಿದರೆ ಪ್ರೀಮಿಯಂ ಕಡಿಮೆ, ತುಂಬದಿದ್ದರೆ ಜಾಸ್ತಿ. ಬಲವಂತ ಏನಿಲ್ಲ.’ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ 2013ರಲ್ಲಿ ತನ್ನ ನೌಕರರಿಗೆ ಇದನ್ನು ತಂದಾಗ ತುಂಬದವರಿಗೆ ತಿಂಗಳಿಗೆ 100 ಡಾಲರ್ ದಂಡ ಇತ್ತು. ಗರ್ಭಿಣಿಯಾಗುವ ಯೋಚನೆ ಇದೆಯಾ, ವಿಚ್ಛೇದನ ಆಗಿದೆಯಾ, ಮೇಲಧಿಕಾರಿ ಜೊತೆ ತೊಂದರೆ ಇದೆಯಾ ಅಂತೆಲ್ಲ ಅದರಲ್ಲಿ ಪ್ರಶ್ನೆಗಳು. ಪಾಠ ಮಾಡುವವರು ತಿರುಗಿಬಿದ್ದರು, ಸೆಪ್ಟೆಂಬರ್ ಹೊತ್ತಿಗೆ ದಂಡ ಕೈಬಿಟ್ಟರು. 2018ರಲ್ಲಿ ವೆಸ್ಟ್ ವರ್ಜೀನಿಯಾದ ಶಾಲಾ ಶಿಕ್ಷಕರು ಮುಷ್ಕರಕ್ಕೆ ಇಳಿದದ್ದು ಮುಖ್ಯವಾಗಿ ಸಂಬಳಕ್ಕೆ, ಇನ್ಶೂರೆನ್ಸ್ ಖರ್ಚಿಗೆ. ಆದರೆ ಆ ಸಿಟ್ಟಿಗೆ ತುಪ್ಪ ಸುರಿದದ್ದರಲ್ಲಿ ಹೆಜ್ಜೆ ಲೆಕ್ಕ ಹಾಕುವ ಗೋ365 ಅನ್ನುವ ಆ್ಯಪ್ ಕೂಡ ಒಂದು. ಬಳಸದವರಿಗೆ ತಿಂಗಳಿಗೆ 25 ಡಾಲರ್ ಜಾಸ್ತಿ ಅನ್ನುವ ಯೋಜನೆ ಅದು.

ಬಲವಂತವೋ ಅಲ್ಲವೋ ಅನ್ನುವುದು ಕೋರ್ಟಿಗೂ ಹೋಯಿತು. ಪ್ರೀಮಿಯಂನ 30 ಶೇಕಡಾವರೆಗೆ ವ್ಯತ್ಯಾಸ ಮಾಡಿದರೂ ಅದು ಸ್ವಇಚ್ಛೆಯೇ ಅಂತ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ ನಿಯಮ ಮಾಡಿತ್ತು. ನಿವೃತ್ತರ ಸಂಘಟನೆ ಎಎಆರ್‌ಪಿ ಅದನ್ನು ಪ್ರಶ್ನಿಸಿತು. 30 ಅನ್ನುವ ಸಂಖ್ಯೆಗೆ ಆಯೋಗ ಸರಿಯಾದ ಕಾರಣ ಕೊಟ್ಟಿಲ್ಲ ಅಂತ 2017ರಲ್ಲಿ ಕೋರ್ಟ್ ಹೇಳಿತು. 2019ರ ಜನವರಿ 1ರಿಂದ ಆ ನಿಯಮ ಹೋಯಿತು. ಕಡಿಮೆ ಸಂಬಳದವರಿಗೆ ಆ 30 ಶೇಕಡಾ ಅಂದರೆ ಬಾಯಿ ಬಿಡಿಸಲು ಸಾಕಷ್ಟಾಯಿತು. ಗುಟ್ಟು ಕಾಪಾಡಿಕೊಳ್ಳಲು ದುಡ್ಡು ಕಟ್ಟಬೇಕಾದರೆ, ಕಟ್ಟಲಾಗದವರ ಗುಟ್ಟುಗಳು ಮೊದಲು ಹೊರಬರುತ್ತವೆ.

ಕಂಪನಿಗಳ ಕಡೆಯೂ ಒಂದು ಮಾತಿದೆ, ಅದು ಸುಳ್ಳಲ್ಲ. ಸಂಬಂಧವೇ ಇಲ್ಲದವರನ್ನು ಡಿಪೆಂಡೆಂಟ್ ಅಂತ ಸೇರಿಸುವವರು ಇದ್ದಾರೆ, ವಿಚ್ಛೇದನವಾದ ಮೇಲೂ ಹೆಸರು ತೆಗೆಯದವರು ಇದ್ದಾರೆ. ಅದರ ಖರ್ಚು ಎಲ್ಲರ ಪ್ರೀಮಿಯಂ ಮೇಲೆ ಬೀಳುತ್ತದೆ. ಹಾಗಾಗಿ ದಾಖಲೆ ಪರಿಶೀಲನೆ ಬೇಕು ಅಂತ ನಾನೂ ಒಪ್ಪುತ್ತೇನೆ. ಆದರೆ ಪರಿಶೀಲಿಸಿದ ಮೇಲೆ ಉಳಿಯಬೇಕಾದದ್ದು ‘ಸರಿ’ ಅಥವಾ ‘ಸರಿಯಿಲ್ಲ’ ಅನ್ನುವ ಒಂದು ಟಿಕ್ಕು. ಮದುವೆ ಸರ್ಟಿಫಿಕೇಟಿನ ಸ್ಕ್ಯಾನ್ ಯಾರದ್ದೋ ಇನ್‌ಬಾಕ್ಸಿನಲ್ಲಿ ವರ್ಷಗಟ್ಟಲೆ ಕೂರುವುದು ಯಾಕೆ? ಕಾಯಿಲೆ ಪಟ್ಟಿಯ ವಿಷಯವೂ ಹಾಗೇ. ಗ್ರೂಪ್ ಪಾಲಿಸಿಯಲ್ಲಿ ಬೆಲೆ ಕಟ್ಟುವುದು ಸಾಮಾನ್ಯವಾಗಿ ಇಡೀ ಗುಂಪಿಗೆ, ಒಬ್ಬೊಬ್ಬರ ಕಾಯಿಲೆ ನೋಡಿ ಅಲ್ಲ. ಇಷ್ಟು ಮೊತ್ತದವರೆಗೆ ಪ್ರಶ್ನೆಯೇ ಇಲ್ಲದೆ ಕವರ್, ಅದಕ್ಕಿಂತ ಹೆಚ್ಚು ಜೀವ ವಿಮೆ ಬೇಕಿದ್ದರೆ ಮಾತ್ರ ಆರೋಗ್ಯದ ಪ್ರಶ್ನೆ ಅನ್ನುವ ಪದ್ಧತಿ ಇದೆ. ಆ ಪ್ರಶ್ನೆಗಳ ಉತ್ತರ ನೇರ ಇನ್ಶೂರೆನ್ಸ್ ಕಂಪನಿಗೆ ಹೋಗುವಂತೆ ಮಾಡಲು ಬೇಕಿರುವುದು ಒಂದು ಬೇರೆ ಲಿಂಕು, ಅಷ್ಟೇ.

ಮೊನ್ನೆ ಮೊನ್ನೆ ಇನ್ನೊಂದು ಆಫೀಸಿನಲ್ಲಿ ಅದೇ ‘ಮೊದಲೇ ಇರುವ ಕಾಯಿಲೆ’ ಕಾಲಂ ಕಂಡಾಗ ಎಚ್‌ಆರ್ ಮೇಡಂಗೆ ಬರೆದು ಕೇಳಿದೆ, ಇದು ಯಾತಕ್ಕೆ ಅಂತ. ‘ಬ್ರೋಕರ್ ಕೇಳಿದ್ದಾರೆ’ ಅಂದರು. ಬ್ರೋಕರ್‌ಗೆ ಕೇಳಿದರೆ ಅವರು ‘ನಮ್ಮ ಹಳೇ ಟೆಂಪ್ಲೇಟಿನಲ್ಲಿ ಇದೆ ಸರ್, ಖಾಲಿ ಬಿಟ್ಟರೂ ನಡೆಯುತ್ತದೆ’ ಅಂದರು. ಯಾರಿಗೂ ಬೇಡದ ಪ್ರಶ್ನೆಗೆ ಎಲ್ಲರೂ ಉತ್ತರ ಬರೆಯುತ್ತಿದ್ದರು. ಮೇಡಂ ಮರುದಿನವೇ ಆ ಕಾಲಂ ತೆಗೆದುಹಾಕಿದರು, ಅದಕ್ಕೆ ಜಗಳವೇನೂ ಆಡಬೇಕಾಗಲಿಲ್ಲ. ಕೇಳುವುದನ್ನು ಮಾತ್ರ ಫೋನಿನಲ್ಲಿ ಕೇಳಬೇಡಿ, ಮೇಲ್‌ನಲ್ಲಿ ಕೇಳಿ. ಬರೆದು ಉತ್ತರ ಕೊಡಬೇಕಾದಾಗ ಜನ ಒಮ್ಮೆ ಪರೀಕ್ಷಿಸಿ ಉತ್ತರ ಕೊಡುತ್ತಾರೆ. ಮತ್ತೆ, ಪೋರ್ಟಲ್ಲಿಗೆ ಸ್ವಂತ ಮೇಲ್ ಐಡಿ ಕೊಡಲು ಸಾಧ್ಯವಿದ್ದರೆ ಕೊಡಿ. ಆಫೀಸಿನ ಮೇಲ್ ಆಫೀಸಿನದ್ದು, ಕೆಲಸ ಬಿಟ್ಟ ದಿನ ನಿಮ್ಮ ಕ್ಲೈಮ್ ಪತ್ರಗಳೆಲ್ಲ ಅವರ ಸರ್ವರ್‌ನಲ್ಲೇ ಉಳಿಯುತ್ತವೆ.

ಕೆಲಸ ಬಿಡುವಾಗ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಕೊಟ್ಟ ಪಟ್ಟಿಗೆ ಸಹಿ ಮಾಡಿಸಿಕೊಳ್ಳುತ್ತಾರಲ್ಲ, ಆ ಹೊತ್ತಿಗೆ ನಮ್ಮ ಮನೆಯವರ ಕಾಗದಗಳು ಎಲ್ಲಿವೆ, ಯಾವಾಗ ಅಳಿಸುತ್ತೀರಿ ಅಂತ ನಾವೂ ಕೇಳಬಹುದು. ಇದು ಸುಮ್ನೆ ಹಟಕ್ಕೆ ಹೇಳುವ ಮಾತಲ್ಲ. 2015ರಲ್ಲಿ ಅಮೆರಿಕದ ಆ್ಯಂಥಮ್ ಇನ್ಶೂರೆನ್ಸ್ ಕಂಪನಿಯಿಂದ ಸುಮಾರು 7.88 ಕೋಟಿ ಜನರ ಮಾಹಿತಿ ಕಳುವಾದದ್ದು ಬಯಲಾಯಿತು. ಕಾಯಿಲೆಯ ದಾಖಲೆ, ಚಿಕಿತ್ಸೆಯ ವಿವರ ಹೋಗಿಲ್ಲ ಅಂತ ಕಂಪನಿ ಹೇಳಿತು. ಹೋದದ್ದು ಹೆಸರು, ಹುಟ್ಟಿದ ದಿನಾಂಕ, ಸೋಷಿಯಲ್ ಸೆಕ್ಯುರಿಟಿ ನಂಬರು (ಅಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ), ವಿಳಾಸ, ಎಲ್ಲಿ ಕೆಲಸ, ಎಷ್ಟು ಆದಾಯ. ಹೆಚ್ಚುಕಡಿಮೆ ಎನ್‌ರೋಲ್‌ಮೆಂಟ್ ಫಾರ್ಮಿನ ಖಾನೆಗಳೇ. ಅದರಲ್ಲಿ 2004ರಷ್ಟು ಹಿಂದಿನ, ಎಷ್ಟೋ ವರ್ಷಗಳ ಹಿಂದೆಯೇ ಪಾಲಿಸಿ ಬಿಟ್ಟುಹೋದವರ ದಾಖಲೆಗಳೂ ಇದ್ದವು. 2018ರಲ್ಲಿ ಸರ್ಕಾರಕ್ಕೆ 1.6 ಕೋಟಿ ಡಾಲರ್ ಕಟ್ಟಿ ಕಂಪನಿ ಆ ತನಿಖೆಯನ್ನು ಮುಗಿಸಿಕೊಂಡಿತು. ಹುಟ್ಟಿದ ದಿನಾಂಕವನ್ನು ಪಾಸ್‌ವರ್ಡ್ ಥರ ಬದಲಾಯಿಸಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಫಾರ್ಮ್ ತುಂಬಿದವರಿಗೆ ಅದು ಇನ್ನೂ ಮುಗಿದಿಲ್ಲ.